ಆರ್ಕಿಡ್‌ಗೆ ಅಂತ ತಂದ ಸೀಳಿರುವ ಪಾರದರ್ಶಕ ಪಾಟ್: ಎಂಟು ತಿಂಗಳು ಬಳಸಿದ ಮೇಲೆ

ನಾಲ್ಕು ಪಾಟ್ ತರಿಸಿದ್ದೆ, ಒಂದಕ್ಕೆ 120 ರೂಪಾಯಿ. ಐದು ಇಂಚು ಬಾಯಿ, ಒಳಗೆಲ್ಲ ಕಾಣುವ ಗಟ್ಟಿ ಪ್ಲಾಸ್ಟಿಕ್, ತಳದಲ್ಲೂ ಪಕ್ಕದಲ್ಲೂ ಉದ್ದುದ್ದ ಸೀಳುಗಳು. ಜೊತೆಗೆ ಅದೇ ಅಂಗಡಿಯವರು ಮಾರುವ, ಮಣ್ಣಿನ ಬದಲು ಪಾಟ್‌ಗೆ ತುಂಬುವ ಆರ್ಕಿಡ್ ಮಿಕ್ಸ್ ಒಂದು ಪ್ಯಾಕೆಟ್, 250 ರೂಪಾಯಿ. ಪಾಟ್‌ಗೆ ಐದಕ್ಕೆ ಐದು ಕೊಡುತ್ತೇನೆ. ಮಿಕ್ಸ್‌ಗೆ ಎರಡು, ಅಷ್ಟೇ.

ಯಾಕೆ ಅಂತ ಹೇಳಬೇಕಾದರೆ ಹೋದ ವರ್ಷದ ಜೂನ್‌ಗೆ ಹೋಗಬೇಕು. ಬೆಂಗಳೂರಿನ ಒಂದು ನರ್ಸರಿಯಿಂದ ಎರಡು ಫೆಲನಾಪ್ಸಿಸ್ ಆರ್ಕಿಡ್ ತಂದೆ. ಅಗಲ ಎಲೆ, ಚಿಟ್ಟೆ ಹಾಗೆ ಹೂವು, ಅಂಗಡಿಗಳಲ್ಲಿ ಜಾಸ್ತಿ ಕಾಣುವುದು ಇದೇ. ಒಂದು ಬಿಳಿ, ಒಂದು ನೇರಳೆ. ಎರಡಕ್ಕೂ ಸೇರಿ 1,700 ಆಯಿತು. ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿದಾಗ ಅಲ್ಲಿನವರು, ದಿನಾ ಬೆಳಿಗ್ಗೆ ಸಂಜೆ ಎಲೆ ಮೇಲೆ ನೀರು ಸ್ಪ್ರೇ ಮಾಡಿ, ಸಾಕು ಅಂದರು. ನಾನು ಹಾಗೇ ಮಾಡಿದೆ. ಜುಲೈನಲ್ಲಿ ಮಳೆ ಹಿಡಿದು ವಾರಗಟ್ಟಲೆ ಬಿಸಿಲೇ ಇಲ್ಲದಿದ್ದಾಗಲೂ ಬಿಡದೆ ಮಾಡಿದೆ.

ಮೊದಲು ಬಿಳಿ ಹೂವಿನ ಗಿಡದ ಕೆಳಗಿನ ಎಲೆಯಲ್ಲಿ ಒಂದು ಮಚ್ಚೆ ಬಂತು. ಬಟಾಣಿ ಕಾಳಿನಷ್ಟು, ಬಿಸಿನೀರು ಬಿದ್ದು ಬೆಂದ ಹಾಗೆ. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿತ್ತು. ಮೂರನೇ ದಿನಕ್ಕೆ ಅರ್ಧ ಎಲೆ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ನೀರು ಜಿನುಗುತ್ತಿತ್ತು, ಕೊಳೆತ ಸೊಪ್ಪಿನ ವಾಸನೆ. ಐದನೇ ದಿನ ನಡುವಿನ ಹೊಸ ಎಲೆಯನ್ನು ಮೆಲ್ಲಗೆ ಹಿಡಿದೆ, ಅದು ಬುಡದಿಂದಲೇ ಕಿತ್ತು ಕೈಗೆ ಬಂತು. ಆ ಗಿಡ ಹೋಯಿತು.

ನಮ್ಮ ಅಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟದವರು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ನೋಡಿದ ಕೂಡಲೇ, "ಇದು ಸುಳಿ ಕೊಳೆತಿದ್ದು. ಸುಳಿಯಲ್ಲಿ ನೀರು ನಿಂತರೆ ಯಾವ ಗಿಡ ಉಳಿಯುತ್ತೆ ಮಾರಾಯ್ತಿ?" ಅಂದರು. ಸರಿಯಾಗೇ ಹೇಳಿದ್ದರು. ತೆಂಗಿಗೆ ಸುಳಿ ಕೊಳೆ, ಅಡಿಕೆಗೆ ಕೊಳೆ ರೋಗ ತರುವ ಫೈಟಾಫ್ತೊರಾ ಗುಂಪಿನ ರೋಗಾಣುಗಳೇ ಆರ್ಕಿಡ್‌ನಲ್ಲೂ ಕಪ್ಪು ಕೊಳೆ ತರುತ್ತವೆ. ನನ್ನ ಗಿಡದ ಹಾಗೆ ನೀರು ನೀರಾಗಿ, ವಾಸನೆ ಬಂದು, ಎರಡು ಮೂರು ದಿನದಲ್ಲೇ ಹರಡಿದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾ ಕೊಳೆ. ಎರಡಕ್ಕೂ ಬೇಕಿರುವುದು ಒಂದೇ, ನಿಂತ ನೀರು ಮತ್ತು ಆಡದ ಗಾಳಿ. ಫೆಲನಾಪ್ಸಿಸ್‌ಗೆ ಬೆಳೆಯುವ ಸುಳಿ ಇರುವುದು ಒಂದೇ ಒಂದು. ಅದು ಹೋದರೆ ಬುಡದಲ್ಲಿ ಮರಿ ಬರುವುದು ಅಪರೂಪ.

ಅಮ್ಮ ಇನ್ನೊಂದು ಮಾತು ನೆನಪಿಸಿದರು. ಊರಲ್ಲಿ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಇದೆಯಲ್ಲ, ಅದೂ ಆರ್ಕಿಡ್ಡೇ. ಮಳೆಗಾಲ ಶುರುವಾಗುವ ಹೊತ್ತಿಗೆ ನರಿ ಬಾಲದ ಹಾಗೆ ಹೂವಿನ ದಂಡೆ ಬಿಡುತ್ತದೆ, ಹೆಂಗಸರು ಮುಡಿಯುತ್ತಾರೆ. ಮಲೆನಾಡಿನ ಆ ಮಳೆಯಲ್ಲಿ ದಿನವಿಡೀ ನೆನೆದರೂ ಅದು ಕೊಳೆಯುವುದಿಲ್ಲ. ಯಾಕಂದ್ರೆ ಅದರ ಬೇರು ಮಣ್ಣಲ್ಲಿಲ್ಲ, ತೊಗಟೆಗೆ ಅಂಟಿಕೊಂಡು ಗಾಳಿಯಲ್ಲಿದೆ. ನೆನೆಯುತ್ತದೆ, ಮಳೆ ನಿಂತರೆ ಒಣಗುತ್ತದೆ. ಫೆಲನಾಪ್ಸಿಸ್ ಕೂಡ ಮರದ ಮೇಲೆ ಬೆಳೆಯುವ ಗಿಡವೇ. ಅಲ್ಲಿ ಅದು ಪಕ್ಕಕ್ಕೆ ವಾಲಿ ಜೋತು ಬಿದ್ದಿರುತ್ತದೆ, ಸುಳಿಗೆ ಬಿದ್ದ ನೀರು ತಾನಾಗೇ ಸುರಿದು ಹೋಗುತ್ತದೆ. ನಾವು ಪಾಟ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಮೇಲಿಂದ ನೀರು ಹಾಕಿದರೆ ಆ ಎಲೆಗಳ ನಡುವೆ ಬಟ್ಟಲಿನ ಹಾಗೆ ತುಂಬಿಕೊಳ್ಳುತ್ತದೆ.

ಉಳಿದಿದ್ದು ನೇರಳೆ ಗಿಡ. ಅದರ ಎಲೆಗಳು ಜೋತು ಬಿದ್ದು ಸುಕ್ಕು ಸುಕ್ಕಾಗಿದ್ದವು. ನೀರು ಸಾಲದು ಅಂತ ಅನ್ನಿಸುವ ಹಾಗಿತ್ತು. ಇಲ್ಲೇ ತುಂಬಾ ಜನ ಗಿಡ ಕಳೆದುಕೊಳ್ಳುವುದು. ಬೇರು ಕೊಳೆತಿದ್ದರೆ ನೀರು ಮೇಲೆ ಹೋಗುವುದಿಲ್ಲ, ಎಲೆ ಒಣಗಿದ ಹಾಗೆ ಕಾಣುತ್ತದೆ, ನಾವು ಇನ್ನಷ್ಟು ನೀರು ಹಾಕುತ್ತೇವೆ. ನಾನು ಗಿಡವನ್ನು ಎತ್ತಿ ನೋಡಿದೆ. ಬುಡದ ಸುತ್ತ ನರ್ಸರಿಯವರು ತುಂಬುವ ಮಾಸ್ (ನೀರು ಹಿಡಿದಿಡುವ ಒಣ ಪಾಚಿ) ಹಳೇದಾಗಿ ಒದ್ದೆ ಉಂಡೆಯಾಗಿ ಬಿಗಿದುಕೊಂಡಿತ್ತು. ಸಣ್ಣ ಸಸಿಯಾಗಿದ್ದಾಗ ತುಂಬಿದ್ದು, ಯಾರೂ ತೆಗೆದಿಲ್ಲ. ಹಿಂಡಿದರೆ ನೀರು ಬಂತು, ನೀರು ಹಾಕಿ ಆರು ದಿನ ಆಗಿದ್ದರೂ. ಕಂದಾಗಿದ್ದ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥ ನಾರು ಮಾತ್ರ ಉಳಿಯುತ್ತಿತ್ತು. ಹದಿನಾಲ್ಕು ಬೇರಲ್ಲಿ ಐದು ಗಟ್ಟಿಯಾಗಿದ್ದವು.

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಸತ್ತ ಬೇರೆಲ್ಲ ತೆಗೆದೆ. ಒಂದು ಎಲೆಯಲ್ಲಿ ಮಚ್ಚೆ ಶುರುವಾಗಿತ್ತು, ಮಚ್ಚೆಯಿಂದ ಒಂದು ಸೆಂಟಿಮೀಟರ್ ಒಳಗೆ, ಹಸಿರು ಭಾಗ ಸೇರಿಸಿಯೇ ಕತ್ತರಿಸಿದೆ. ಪ್ರತಿ ಸಲ ಕತ್ತರಿಸುವ ಮೊದಲು ಮತ್ತೆ ಒರೆಸಬೇಕು, ಇಲ್ಲಾಂದ್ರೆ ರೋಗವನ್ನು ನಾವೇ ಹಚ್ಚಿದ ಹಾಗೆ. ಎಲೆಯ ಗಾಯಕ್ಕೆ ಅಡುಗೆಮನೆಯ ಚಕ್ಕೆ ಪುಡಿ ಹಚ್ಚಿದೆ. ಬೇರಿಗೆ ಮಾತ್ರ ಚಕ್ಕೆ ಪುಡಿ ಹಾಕಬೇಡಿ, ಒಳ್ಳೆ ಬೇರನ್ನೂ ಒಣಗಿಸುತ್ತದೆ. ಗಿಡವನ್ನು ಒಂದು ದಿನ ನೆರಳಲ್ಲಿ ಹಾಗೇ ಬಿಟ್ಟು ಮಾರನೇ ದಿನ ಹೊಸ ಪಾಟ್‌ಗೆ ಹಾಕಿದೆ.

ಈಗ ಪಾಟ್ ವಿಷಯ. ಇದರ ನಿಜವಾದ ಬೆಲೆ ಬೇರು ಕಾಣುವುದರಲ್ಲಿದೆ. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ನೀರು ಕುಡಿದಾಗ ಅದು ಹಸಿರಾಗುತ್ತದೆ, ಒಣಗಿದಾಗ ಬೆಳ್ಳಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಪಾಟ್ ಎತ್ತಿ ಪಕ್ಕದಿಂದ ನೋಡಿದರೆ ಸಾಕು. ಬೇರು ಹಸಿರಿದ್ದು ಒಳಗೋಡೆಯಲ್ಲಿ ನೀರಿನ ಹನಿ ಕೂತಿದ್ದರೆ ಮುಟ್ಟುವುದಿಲ್ಲ. ಎಲ್ಲಾ ಬೇರು ಬೆಳ್ಳಗಾಗಿದ್ದರೆ ನೀರು. ಇಷ್ಟೇ ಲೆಕ್ಕ. ವಾರಕ್ಕೊಮ್ಮೆ ಹಾಕಿ, ಐಸ್ ತುಂಡು ಇಡಿ ಅಂತೆಲ್ಲ ಹೇಳುವುದನ್ನು ನಂಬಿ ಕ್ಯಾಲೆಂಡರ್ ನೋಡುವ ಬದಲು ಬೇರನ್ನೇ ನೋಡುವುದು ಎಷ್ಟೋ ವಾಸಿ. ನಮ್ಮ ಮನೆಯಲ್ಲಿ ಆಗಸ್ಟ್‌ನಲ್ಲಿ ಹನ್ನೊಂದು ದಿನ ಆದರೂ ಬೇರು ಹಸಿರಾಗೇ ಇತ್ತು. ಈಗ ಏಪ್ರಿಲ್‌ನಲ್ಲಿ ಮೂರೇ ದಿನಕ್ಕೆ ಬೆಳ್ಳಗಾಗುತ್ತದೆ. ಒಂದೇ ಗಿಡ, ಒಂದೇ ಕಿಟಕಿ.

ಸೀಳುಗಳೂ ಚೆನ್ನಾಗಿವೆ. ನೀರಿನ ಬಕೆಟ್‌ನಲ್ಲಿ ಪಾಟ್‌ನ ಮುಕ್ಕಾಲು ಮುಳುಗುವ ಹಾಗೆ ಹತ್ತು ನಿಮಿಷ ಇಟ್ಟು ಎತ್ತಿದರೆ ಒಂದೇ ಸಲಕ್ಕೆ ಎಲ್ಲಾ ಸುರಿದು ಹೋಗುತ್ತದೆ, ಸುಳಿಗೆ ಒಂದು ಹನಿ ತಾಗುವುದಿಲ್ಲ. ಅಕಸ್ಮಾತ್ ತಾಗಿದರೆ ಟಿಶ್ಯೂ ಪೇಪರ್‌ನ ಮೂಲೆ ಸುರುಳಿ ಮಾಡಿ ಒತ್ತಿ ತೆಗೆಯುತ್ತೇನೆ. ಬೆಳಿಗ್ಗೆಯೇ ನೀರು ಕೊಡುತ್ತೇನೆ, ರಾತ್ರಿಯೊಳಗೆ ಎಲೆ ಒಣಗಿರಬೇಕು. ಮೋಡದ ದಿನಗಳಲ್ಲಿ ಟೇಬಲ್ ಫ್ಯಾನ್ ದೂರದಿಂದ ಸಣ್ಣಗೆ ತಿರುಗುತ್ತಿರುತ್ತದೆ. ಸ್ಪ್ರೇ ಬಾಟಲಿ ಈಗ ಕಿಟಕಿ ಗಾಜು ಒರೆಸಲು.

ಪಾಟ್‌ನಲ್ಲಿ ಎರಡು ತೊಂದರೆ ಕಂಡಿದ್ದೇನೆ. ಬೆಳಕು ಒಳಗೆ ಹೋಗುವುದರಿಂದ ಗೋಡೆಗೆ ಹಸಿರು ಪಾಚಿ ಕಟ್ಟುತ್ತದೆ. ಗಿಡಕ್ಕೇನೂ ಆಗಿಲ್ಲ, ಆದರೆ ಬೇರು ಮಸುಕಾಗಿ ಕಾಣುತ್ತದೆ. ಇನ್ನೊಂದು, ನೇರ ಬಿಸಿಲಿಗೆ ಇಟ್ಟರೆ ಒಳಗೆ ಕಾದುಬಿಡುತ್ತದೆ. ಪೂರ್ವದ ಕಿಟಕಿ ಸಾಕು. ಚಂದಕ್ಕೆ ಅಂತ ಹೊರಗೊಂದು ಪಿಂಗಾಣಿ ಪಾಟ್ ಇಡುವವರಿದ್ದರೆ ದಯವಿಟ್ಟು ಅದರ ತಳದಲ್ಲಿ ನೀರು ನಿಂತಿದೆಯಾ ಅಂತ ಪ್ರತಿ ಸಲ ನೋಡಿ.

ಮಿಕ್ಸ್‌ಗೆ ಯಾಕೆ ಎರಡು ಅಂದರೆ, ಪ್ಯಾಕೆಟ್ ಮೇಲೆ ಪೈನ್ ತೊಗಟೆ, ಇದ್ದಿಲು, ತೆಂಗಿನ ಸಿಪ್ಪೆ ತುಂಡು ಅಂತ ಬರೆದಿತ್ತು. ಜರಡಿ ಹಿಡಿದಾಗ ಮೂರನೇ ಒಂದು ಭಾಗ ಬರೀ ತೆಂಗಿನ ನಾರಿನ ಪುಡಿ. ಆ ಪುಡಿ ತಳದಲ್ಲಿ ಕೂತು ಸೀಳನ್ನೇ ಮುಚ್ಚುತ್ತದೆ. ಹಾಗೆ ಆದರೆ ಇಂಥ ಪಾಟ್ ತಂದು ಏನು ಪ್ರಯೋಜನ, ಅಲ್ವಾ? ಸಿಪ್ಪೆ ತುಂಡುಗಳಲ್ಲಿ ಉಪ್ಪೂ ಇತ್ತು. ಎರಡು ದಿನ ನೆನೆಸಿ ನೀರು ಬದಲಿಸುತ್ತಾ ಹೋದೆ, ಮೊದಲೆರಡು ಸಲದ ನೀರು ಕಾಫಿ ಡಿಕಾಕ್ಷನ್ ಬಣ್ಣ. ತೊಳೆದು, ಪುಡಿ ಬಿಸಾಡಿ, ಊರಿಂದ ತಂದ ಇದ್ದಿಲನ್ನು ಹುಣಸೆ ಬೀಜದ ಎರಡರಷ್ಟು ದಪ್ಪಕ್ಕೆ ಒಡೆದು ಸೇರಿಸಿದ ಮೇಲೆ ಸರಿಹೋಯಿತು. ಇನ್ನು ಮುಂದೆ ಮಿಕ್ಸ್ ಕೊಳ್ಳುವುದಿಲ್ಲ. ತೊಗಟೆ, ಇದ್ದಿಲು ಬೇರೆ ಬೇರೆ ತರುತ್ತೇನೆ.

ನೀರಿನ ಬಗ್ಗೆ ಒಂದು ಮಾತು. ನಮ್ಮದು ಬೋರ್‌ವೆಲ್ ನೀರು, ಗಡಸು. ಡಿಸೆಂಬರ್ ಹೊತ್ತಿಗೆ ಬೇರಿನ ತುದಿ ಕಪ್ಪಾಗಿ ಪಾಟ್‌ನ ಸೀಳಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ಪಾರದರ್ಶಕ ಪಾಟ್ ಅಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಉಪ್ಪು ತೆಗೆಯುವ ಆರ್‌ಓ ಫಿಲ್ಟರ್‌ನ ನೀರು ಕೊಡುತ್ತೇನೆ, ಮಳೆ ಬಂದರೆ ಟೆರೇಸ್‌ನಲ್ಲಿ ಬಕೆಟ್ ಇಟ್ಟು ಹಿಡಿದಿಡುತ್ತೇನೆ.

ಎಲ್ಲಾ ಆರ್ಕಿಡ್‌ಗೂ ಇದು ಬೇಕಿಲ್ಲ. ವಾಂಡಾಗೆ ಪಾಟೇ ಬೇಡ, ಬುಟ್ಟಿಯಲ್ಲಿ ಜೋತು ಬಿಟ್ಟರೆ ಸಾಕು. ಡೆಂಡ್ರೋಬಿಯಂ ಸಣ್ಣ ಮಣ್ಣಿನ ಪಾಟ್‌ನಲ್ಲೇ ಚೆನ್ನಾಗಿರುತ್ತದೆ. ಎಲೆ ಹಳದಿಯಾದ ಕೂಡಲೇ ಕತ್ತರಿ ಹಿಡಿಯುವುದೂ ಬೇಡ. ಎಲ್ಲಕ್ಕಿಂತ ಕೆಳಗಿನ ಒಂದು ಎಲೆ ನಿಧಾನಕ್ಕೆ ಹಳದಿಯಾಗಿ ಒಣಗಿದರೆ ಅದು ವಯಸ್ಸಾಗಿದ್ದು. ಒಣಗಿದ ಕಂದು ಕಲೆ ಹರಡದೆ ಹಾಗೇ ಇದ್ದರೆ ಬಿಸಿಲಿಗೆ ಸುಟ್ಟಿದ್ದು. ಒದ್ದೆಯಾಗಿದ್ದು ದಿನದಿಂದ ದಿನಕ್ಕೆ ದೊಡ್ಡದಾದರೆ ಮಾತ್ರ ಆ ಗಿಡವನ್ನು ಬೇರೆ ಗಿಡಗಳಿಂದ ದೂರ ಇಟ್ಟು, ಅವತ್ತೇ ಆ ಭಾಗವನ್ನು ಕತ್ತರಿಸಿ.

ನೇರಳೆ ಗಿಡಕ್ಕೆ ಈಗ ಎರಡು ಹೊಸ ಎಲೆ, ಏಳು ಹೊಸ ಬೇರು. ಒಂದು ಬೇರು ಸೀಳಿನಿಂದ ಹೊರಗೆ ಬಂದು ಕಿಟಕಿ ಕಟ್ಟೆ ಮುಟ್ಟುತ್ತಿದೆ, ತುದಿ ತಿಳಿ ಹಸಿರು. ಹೂವು ಈ ವರ್ಷ ಬಂದಿಲ್ಲ, ಅವಸರವೂ ಇಲ್ಲ. ಆರು ಇಂಚಿನ ಅಳತೆಯಲ್ಲೂ ಇದೇ ಪಾಟ್ ಸಿಗುತ್ತದೆಯಾ ಅಂತ ಅಂಗಡಿಯವರಿಗೆ ಕೇಳಿದ್ದೇನೆ, ಸಿಕ್ಕರೆ ಎರಡು ತರಿಸುತ್ತೇನೆ.