ಗಾಳಿಯ ಮೇಲೆ ನಿಂತ ಗಾಡಿ: ಕೋಲಾರದ ರಸ್ತೆಗಳಲ್ಲಿ ವೋಲ್ವೊ ಎಕ್ಸ್‌ಸಿ90

ಏಳು ಸೀಟಿನ, ಎರಡು ಟನ್ ಮೀರಿದ ಈ ಗಾಡಿ ಕೋಲಾರ ಜಿಲ್ಲೆಯಲ್ಲಿ ಸುಖ ಕೊಡುವುದೋ ಖರ್ಚು ತರುವುದೋ ಎಂಬುದು ಎಂಟು ಕಡೆ ತುಂಬಿರುವ ಗಾಳಿಯ ಮೇಲೆ ನಿಂತಿದೆ: ನಾಲ್ಕು ಟಯರು, ನಾಲ್ಕು ಏರ್ ಸ್ಪ್ರಿಂಗು (ಉಕ್ಕಿನ ಸ್ಪ್ರಿಂಗಿನ ಬದಲು ಗಾಡಿಯನ್ನು ಹೊರುವ, ಗಾಳಿ ತುಂಬಿದ ರಬ್ಬರಿನ ಚೀಲ). ಎಂಜಿನ್, ಲೆದರ್, ಬವರ್ಸ್ ಅಂಡ್ ವಿಲ್ಕಿನ್ಸ್ ಸ್ಪೀಕರು ಇವೆಲ್ಲ ಶೋರೂಂನಲ್ಲಿ ಮಾತಾಡುವ ವಿಷಯ. ವರ್ಷಗಟ್ಟಲೆ ಓಡಿಸುವವರ ತಲೆಯಲ್ಲಿ ಉಳಿಯುವುದು ಗಾಳಿಯೇ. ಇಲ್ಲಿ ಬರೆದಿರುವುದು ಬಿ5 ಪೆಟ್ರೋಲ್ ಗಾಡಿಯ ಬಗ್ಗೆ: 1969 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ, 250 ಪಿಎಸ್, 48 ವೋಲ್ಟ್ ಮೈಲ್ಡ್ ಹೈಬ್ರಿಡ್ (ಎಂಜಿನ್‌ಗೆ ಸ್ವಲ್ಪ ನೆರವಾಗುವ ವಿದ್ಯುತ್ ವ್ಯವಸ್ಥೆ), ಎಂಟು ಗೇರಿನ ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಶಕ್ತಿ.

ವೋಲ್ವೊ ಭಾರತದಲ್ಲಿ ಕಾರು ಜೋಡಿಸಲು ಶುರುಮಾಡಿದ್ದು 2017ರಲ್ಲಿ, ನಮ್ಮ ಪಕ್ಕದ ಹೊಸಕೋಟೆಯ ಬಳಿ. ಮೊದಲು ಹೊರಬಂದದ್ದೂ ಈ ಎಕ್ಸ್‌ಸಿ90ಯೇ. ಹೀಗೆ ಮನೆ ಬಾಗಿಲಲ್ಲೇ ಜೋಡಣೆಯಾದರೂ ಸರ್ವೀಸಿಗೆ ಮಾತ್ರ ಬೆಂಗಳೂರಿಗೇ ಹೋಗಬೇಕು. ಕೋಲಾರದಿಂದ ಎಪ್ಪತ್ತು ಕಿಲೋಮೀಟರಿನ ಆಸುಪಾಸು, ಜೊತೆಗೆ ಕೆ.ಆರ್.ಪುರದ ಟ್ರಾಫಿಕ್ಕು. ಕೊಳ್ಳುವ ಮೊದಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಣ್ಣಪುಟ್ಟದ್ದನ್ನು ಮನೆಯಲ್ಲೇ ನೋಡಿಕೊಳ್ಳಲು ಬರದಿದ್ದರೆ ಪ್ರತಿ ಸಲವೂ ಒಂದು ದಿನ ಹೋಗುತ್ತದೆ.

ಮೊದಲು ಅಳತೆ. ಉದ್ದ 4953 ಮಿ.ಮೀ., ಅಂದರೆ ಹದಿನಾರೂಕಾಲು ಅಡಿ. ಪಕ್ಕದ ಕನ್ನಡಿ ತೆರೆದಿರುವಾಗ ಅಗಲ 2140 ಮಿ.ಮೀ., ಏಳಡಿ. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ಪೋರ್ಟಿಕೋಗೆ ಗಾಡಿ ಹಿಡಿಸುತ್ತದೆ. ಆದರೆ ಗೇಟು ಎಂಟಡಿಗಿಂತ ಕಡಿಮೆಯಿದ್ದರೆ ದಿನಾ ಕನ್ನಡಿ ಮಡಚಿ ಒಳಗೆ ತರಬೇಕಾಗುತ್ತದೆ. ತಿರುಗಲು ಸುಮಾರು 12 ಮೀಟರ್ ಬೇಕು. ಕೋಲಾರದ ಡೂಂ ಲೈಟ್ ವೃತ್ತದಲ್ಲಿ ಸಂಜೆ ಹೊತ್ತು ಯು ಟರ್ನ್ ಮಾಡುವ ಆಸೆ ಬೇಡ, ಮುಂದೆ ಹೋಗಿ ಸುತ್ತಿ ಬರುವುದೇ ಬೇಗ ಆಗುತ್ತದೆ.

ಒಳಗಿನ ಜಾಗಕ್ಕೆ ಸಾಟಿಯಿಲ್ಲ, ಆದರೆ ಆ ಮಾತು ನಿಲ್ಲುವುದು ಎರಡನೇ ಸಾಲಿನವರೆಗೆ. ಅಲ್ಲಿ ಬಿಡಿಬಿಡಿಯಾದ ಮೂರು ಸೀಟು, ಒಂದೊಂದನ್ನೂ ಬೇರೆಬೇರೆಯಾಗಿ ಹಿಂದೆ-ಮುಂದೆ ಸರಿಸಬಹುದು. ನಡುವಿನ ಸೀಟಿನಲ್ಲೇ ಮಕ್ಕಳಿಗೆ ಎತ್ತರದ ಬೂಸ್ಟರ್ ಇದೆ, 15ರಿಂದ 36 ಕೆ.ಜಿ. ತೂಕದ ಮಗುವಿಗೆ. ಹೊರಗಿನ ಬೂಸ್ಟರ್ ಎತ್ತಿ ಇಳಿಸುವ ಗೋಳು ತಪ್ಪಿತು. ಮೂರನೇ ಸಾಲು 170 ಸೆಂ.ಮೀ. ಎತ್ತರದವರಿಗೂ ಆಗುತ್ತದೆ ಎಂದು ಕಂಪನಿ ಹೇಳುತ್ತದೆ. ಆಗುತ್ತದೆ, ನಿಜ. ಆದರೆ ಎರಡನೇ ಸಾಲಿನವರು ಮುಂದೆ ಸರಿದು ಕೂತರೆ ಮಾತ್ರ, ಅದೂ ಮಂಡಿ ಮೇಲೆದ್ದ ಭಂಗಿಯಲ್ಲಿ. ಮುಳಬಾಗಿಲು, ಕುರುಡುಮಲೆವರೆಗೆ ಹಿರಿಯರು ಕೂತಾರು. ತಿರುಪತಿಗೆ ಹೊರಟರೆ ಅಲ್ಲಿ ಮಕ್ಕಳನ್ನೇ ಕೂರಿಸಿ. ಮೂರೂ ಸಾಲು ಎಬ್ಬಿಸಿದಾಗ ಡಿಕ್ಕಿಯಲ್ಲಿ ಉಳಿಯುವುದು ಸುಮಾರು 300 ಲೀಟರ್. ನಾಲ್ಕು ಕೈಚೀಲ, ಒಂದು ಹೂವಿನ ಬುಟ್ಟಿ, ಅಷ್ಟೇ. ಏಳು ಜನರಿಗೂ ಸೂಟ್‌ಕೇಸಿಗೂ ಒಟ್ಟಿಗೆ ಜಾಗ ಬೇಕು ಅನ್ನುವವರು ಬೇರೆ ಗಾಡಿ ನೋಡುವುದು ಮೇಲು.

ಈಗ ಓಡಿಸುವ ವಿಷಯ. ಸ್ಟೀಲ್ ಸ್ಪ್ರಿಂಗಿನ ಗಾಡಿಯಲ್ಲಿ ಏಳು ಜನ ಕೂತರೆ ಹಿಂಭಾಗ ಇಳಿಯುತ್ತದೆ, ಹೆಡ್‌ಲೈಟು ಮರದ ಕೊಂಬೆ ನೋಡುತ್ತದೆ, ಹಂಪ್ಸ್ ಮೇಲೆ ಹೊಟ್ಟೆ ಉಜ್ಜುತ್ತದೆ. ಇಲ್ಲಿ ಸೆನ್ಸರ್ ಎತ್ತರ ಅಳೆಯುತ್ತದೆ, ಕಂಪ್ರೆಸರ್ ಗಾಳಿ ತುಂಬಿ ಗಾಡಿಯನ್ನು ಮತ್ತೆ ಸಮಕ್ಕೆ ತರುತ್ತದೆ. ಲೋಡಿದ್ದರೂ ಇಲ್ಲದಿದ್ದರೂ ನೆಲದಿಂದ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕಡೆ ಇದರ ಬೆಲೆ ದೊಡ್ಡದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಶ್ರೀನಿವಾಸಪುರದ ಕಡೆಯ ಹಳ್ಳಿ ರಸ್ತೆಗಳಲ್ಲಿ ಉಳಿದ ಕಾಂಕ್ರೀಟು ಸುರಿದು ಎಬ್ಬಿಸಿದ ದಿಬ್ಬಗಳಿಗೆ ಆ ಲೆಕ್ಕವೇ ಗೊತ್ತಿಲ್ಲ. ಅಂಥ ಕಡೆ ಪರದೆಯಲ್ಲಿ ಆಫ್-ರೋಡ್ ಆರಿಸಿದರೆ ಗಾಡಿ 40 ಮಿ.ಮೀ. ಮೇಲೇಳುತ್ತದೆ. ಆದರೆ ಕೂಡಲೇ ಅಲ್ಲ. ಎದ್ದು ನಿಲ್ಲಲು ಸ್ವಲ್ಪ ಹೊತ್ತು ಬೇಕು, ಆದ್ದರಿಂದ ಹಂಪ್ ಎದುರಿಗೆ ಬಂದ ಮೇಲೆ ಒತ್ತಿ ಪ್ರಯೋಜನವಿಲ್ಲ, ಊರು ಹೊಕ್ಕುವ ಮೊದಲೇ ಒತ್ತಿ. ವೇಗ ಗಂಟೆಗೆ 40 ಕಿ.ಮೀ. ದಾಟಿದರೆ ಆಫ್-ರೋಡ್ ತಾನೇ ಬಿಟ್ಟುಕೊಡುತ್ತದೆ.

ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ಏರ್ ಸಸ್ಪೆನ್ಷನ್ ಎಂದ ಕೂಡಲೇ ಎಲ್ಲ ಗುಂಡಿಯೂ ಮಾಯ ಅಂದುಕೊಂಡರೆ ನಿರಾಸೆ ಖಂಡಿತ. ದೊಡ್ಡ ಏರಿಳಿತಗಳನ್ನು, ಹೈವೇಯಲ್ಲಿ ಸೇತುವೆ ಸೇರುವ ಜಾಗದ ತಗ್ಗನ್ನು ಗಾಡಿ ಸೊಗಸಾಗಿ ನುಂಗುತ್ತದೆ. ಚೂಪಾದ ಅಂಚಿನ ಸಣ್ಣ ಗುಂಡಿ, ಪೈಪಿಗೆ ಅಗೆದು ಅರೆಬರೆ ಮುಚ್ಚಿದ ಅಡ್ಡಗೆರೆ ಬಂದಾಗ ಮಾತ್ರ ಧಡ್ ಎನ್ನುತ್ತದೆ. ಕಾರಣ ಸ್ಪ್ರಿಂಗಲ್ಲ, ಚಕ್ರ. 20 ಇಂಚಿನ ಚಕ್ರಕ್ಕೆ 275/45 ಟಯರು, ಅಂದರೆ ಅಗಲ 275 ಮಿ.ಮೀ., ಪಕ್ಕದ ಗೋಡೆ ಅದರ ಶೇ 45: ಎತ್ತರ 124 ಮಿ.ಮೀ. 21 ಇಂಚಿಗೆ 275/40 ಹಾಕಿದರೆ ಅದು 110ಕ್ಕೆ ಇಳಿಯುತ್ತದೆ. ಅಂದಕ್ಕೆಂದು 22 ಇಂಚಿನ 275/35 ಹಾಕಿದವರಿಗೆ ಉಳಿಯುವುದು 96 ಮಾತ್ರ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇರುವುದು ಅಷ್ಟೇ ರಬ್ಬರು. ಭಾರವಾದ ಚಕ್ರ ಬೇಗ ಮೇಲೆ ಕೆಳಗೆ ಆಡಲಾರದು, ಪೆಟ್ಟು ನೇರ ಬಾಡಿಗೆ ಬರುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಚಿಕ್ಕ ಚಕ್ರವೇ ಸರಿ. ಫೋಟೋದಲ್ಲಿ ಕಡಿಮೆ ಮಿಂಚಲಿ, ಪರವಾಗಿಲ್ಲ.

ಟಯರಿನ ಗಾಳಿಯನ್ನು ಡ್ರೈವರ್ ಬಾಗಿಲ ಕಂಬದಲ್ಲಿರುವ ಸ್ಟಿಕ್ಕರ್ ನೋಡಿ ಹಿಡಿಸಿ, ಪಂಕ್ಚರ್ ಅಂಗಡಿಯವರ ‘ಎಲ್ಲಾದಕ್ಕೂ ಮೂವತ್ತೈದು’ ಲೆಕ್ಕಕ್ಕೆ ಬಿಡಬೇಡಿ. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಐದಾರು ಡಿಗ್ರಿ ಬಿಸಿ ಏರಿದರೆ ಸುಮಾರು ಒಂದು ಪಿಎಸ್‌ಐ (ಟಯರಿನ ಗಾಳಿ ಅಳೆಯುವ ಮಾನ) ಏರುತ್ತದೆ. ನರಸಾಪುರದಿಂದ ಬಂದು ನಿಂತ ಬಿಸಿ ಟಯರಿನಲ್ಲಿ ಅಳೆದು ‘ಜಾಸ್ತಿ ಇದೆ’ ಎಂದು ಗಾಳಿ ಇಳಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಕಡಿಮೆ ಗಾಳಿ, ಗುಂಡಿ, ಎರಡು ಟನ್ ತೂಕ ಮೂರೂ ಸೇರಿದರೆ ಟಯರಿನ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಅಂದರೆ ಒಳಗಿನ ದಾರ ಹರಿದಿದೆ ಎಂದರ್ಥ, ಅದಕ್ಕೆ ರಿಪೇರಿ ಇಲ್ಲ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ, ಸಾದಾ ಗಾಳಿಯಲ್ಲೇ ಅದು ಶೇ 78ರಷ್ಟಿದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದರಿಂದ ಒಂದೇ ಒಂದು ಹೊಸ ಟಯರ್ ಹಾಕಿ ಓಡಿಸಬೇಡಿ. ಸವೆತದ ವ್ಯತ್ಯಾಸದಿಂದ ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಿ ಹಿಂದಿನ ಚಕ್ರಗಳಿಗೆ ಶಕ್ತಿ ಮುಟ್ಟಿಸುವ ಕಪ್ಲಿಂಗಿಗೆ ವೃಥಾ ಕೆಲಸ ಬೀಳುತ್ತದೆ. ಕನಿಷ್ಠ ಜೋಡಿಯಾಗಿ ಬದಲಿಸಿ.

ದಾರಿಯಲ್ಲಿ ಪಂಕ್ಚರ್ ಆದರೆ ಜಾಕ್ ಕೊಡುವ ಮೊದಲು ಪರದೆಯ ಸೆಟ್ಟಿಂಗಿನಲ್ಲಿ ಲೆವೆಲಿಂಗ್ ಕಂಟ್ರೋಲ್ ಆಫ್ ಮಾಡಬೇಕು. ಮಾಡದಿದ್ದರೆ ಗಾಡಿ ‘ಒಂದು ಮೂಲೆ ಎತ್ತರವಾಗಿದೆ’ ಎಂದುಕೊಂಡು ಗಾಳಿ ಬಿಡಲು ಹೋಗುತ್ತದೆ, ಜಾಕ್ ಮೇಲೆ ನಿಂತ ಗಾಡಿ ಅಲುಗುತ್ತದೆ. ಅಂಗಡಿಯ ಹುಡುಗನಿಗೆ ಇದು ಗೊತ್ತಿರಬೇಕೆಂದೇನಿಲ್ಲ, ನಿಮಗೆ ಗೊತ್ತಿರಬೇಕು. ಚಕ್ರ ಕಳುವಾಗದಂತೆ ಹಾಕುವ ಲಾಕ್ ಬೋಲ್ಟ್ ಇದ್ದರೆ ಅದರ ಅಡಾಪ್ಟರು ಡಿಕ್ಕಿಯಲ್ಲೇ ಇರಲಿ, ಮನೆಯ ಬೀರುವಿನಲ್ಲಲ್ಲ. ಬೋಲ್ಟುಗಳನ್ನು ಕೈಯಲ್ಲಿ ಹಿಡಿಸಿ, ಕೊನೆಗೆ ಟಾರ್ಕ್ ರೆಂಚಿನಿಂದ 140 ನ್ಯೂಟನ್ ಮೀಟರ್. ಗಾಳಿ ಗನ್ನಿನಿಂದ ಗರ್ ಎನ್ನಿಸಿ ಬಿಟ್ಟರೆ ಮುಂದಿನ ಸಲ ಬಿಚ್ಚಲು ಆಗುವುದೇ ಇಲ್ಲ.

ಏರ್ ಸ್ಪ್ರಿಂಗಿನ ವಿಷಯಕ್ಕೆ ಬಂದರೆ, ಯಾವ ಕಂಪನಿಯದಾದರೂ ಅದು ರಬ್ಬರಿನ ಚೀಲ. ಕೆಳಗಿನ ಮಡಿಕೆಯಲ್ಲಿ ಕೆಂಪು ಮಣ್ಣು ಕೂತು ಒಣಗಿ ಉಜ್ಜುತ್ತದೆ, ವರ್ಷಗಳ ಮೇಲೆ ಸಣ್ಣ ಬಿರುಕು ಬಿಡುತ್ತದೆ. ಗಾಳಿ ನಿಧಾನ ಸೋರಿದರೂ ಕಂಪ್ರೆಸರ್ ಸರಿದೂಗಿಸುತ್ತಾ ಇರುವುದರಿಂದ ಹೊರಗೆ ಏನೂ ಕಾಣುವುದಿಲ್ಲ, ಕೊನೆಗೆ ದುಡಿದು ದುಡಿದು ಕಂಪ್ರೆಸರೇ ಸುಟ್ಟುಹೋಗುತ್ತದೆ. ಚೀಲದ ಖರ್ಚಿನ ಜೊತೆ ಅದರ ಖರ್ಚೂ ಸೇರಿತು. ಮೊದಲೇ ಹಿಡಿಯುವ ದಾರಿ ಸುಲಭ. ರಾತ್ರಿ ಸಮ ನೆಲದ ಮೇಲೆ ನಿಲ್ಲಿಸಿ ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮತ್ತೆ ಅಳೆಯಿರಿ, ಯಾಕೆಂದರೆ ಬಾಗಿಲು ತೆಗೆದರೆ ಗಾಡಿ ಎಚ್ಚರವಾಗಿ ಎತ್ತರ ಸರಿಮಾಡಿಕೊಳ್ಳಬಹುದು. ನಾಲ್ಕರಲ್ಲಿ ಒಂದೇ ಮೂಲೆ ಬೆರಳಗಲ ಇಳಿದಿದ್ದರೆ ಅಲ್ಲಿ ಸೋರಿಕೆಯಿದೆ. ತೊಳೆಯುವಾಗ ಚಕ್ರದ ಒಳಗೋಡೆಗೆ ಸಾದಾ ನೀರು ಬಿಟ್ಟು ಮಣ್ಣು ಕರಗಿಸಿ, ಪ್ರೆಷರ್ ಗನ್ನನ್ನು ಚೀಲಕ್ಕೆ ಹತ್ತಿರ ಹಿಡಿಯಬೇಡಿ.

ತೊಳೆಯುವ ಮಾತು ಬಂತು. ನಮ್ಮ ಬೋರ್‌ವೆಲ್ ನೀರು ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ, ಕಪ್ಪು ಬಣ್ಣದ ಮೇಲೆ ಬಿಳಿ ಚುಕ್ಕೆ ನಿಲ್ಲುತ್ತದೆ. ನೆರಳಲ್ಲಿ ತೊಳೆದು ಕೂಡಲೇ ಒರೆಸಿ. ಕೂಲಂಟ್ ಡಬ್ಬಿಗೆ ಆ ನೀರನ್ನು ತಪ್ಪಿಯೂ ಹಾಕಬೇಡಿ. ಎಂಜಿನ್ ಆಯಿಲ್ ತೆಳುವಾದ 0ಡಬ್ಲ್ಯು-20. ಊರಿನ ಗ್ಯಾರೇಜಿನಲ್ಲಿ ‘ಬಿಸಿಲಿಗೆ ದಪ್ಪ ಆಯಿಲ್ಲೇ ಒಳ್ಳೇದು ಸಾರ್’ ಎಂದರೆ ನಕ್ಕು ಮುಂದೆ ಹೋಗಿ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೆಲ್ಲಗೆ ಒತ್ತಿದರೆ ಸದ್ದೇ ಇಲ್ಲ, ನೆಲಕ್ಕೆ ಒತ್ತಿದರೆ ನಾಲ್ಕು ಸಿಲಿಂಡರಿನ ಗೊಗ್ಗರು ದನಿ ಈ ಬೆಲೆಗೆ ಒಪ್ಪುವುದಿಲ್ಲ. ಗೇರ್‌ಬಾಕ್ಸ್ ನಯವಾಗಿದೆ ಆದರೆ ಅವಸರಕ್ಕೆ ಬಗ್ಗುವುದಿಲ್ಲ. ಚಿಂತಾಮಣಿ ರಸ್ತೆಯಲ್ಲಿ ಟೊಮೆಟೊ ಲಾರಿ ಹಿಂದಿಕ್ಕಬೇಕಾದರೆ ಮ್ಯಾನುಯಲ್‌ಗೆ ತಂದು ಒಂದು ಗೇರ್ ಇಳಿಸಿಕೊಂಡೇ ಹೊರಡಿ. ನಂದಿಬೆಟ್ಟ ಇಳಿಯುವಾಗಲೂ ಹಾಗೇ, ಬ್ರೇಕ್ ಒಂದನ್ನೇ ನಂಬಬಾರದು. ಸ್ಟೇರಿಂಗ್ ಹಗುರ; ರಸ್ತೆ ಕೈಗೆ ತಿಳಿಯುವುದಿಲ್ಲ, ಆದರೆ ತಿರುವಿನಲ್ಲಿ ಗಾಡಿ ವಾಲದೆ ಮರ್ಯಾದೆಯಿಂದ ಹೋಗುತ್ತದೆ. ಇದು ಅಟ್ಟಾಡಿಸಿ ಓಡಿಸುವ ಗಾಡಿಯಲ್ಲ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಬದಿಯಲ್ಲಿ ಹಾಯುವ ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಮೇಲೆ ಹಿಡಿದು ಕೂತಾಗಲೇ ಇದರ ನಿಜವಾದ ಗುಣ ಗೊತ್ತಾಗುವುದು: ಹಿಂದಿನ ಸಾಲಿನವರು ಪಿಸುಮಾತಾಡಿದರೂ ಮುಂದೆ ಕೇಳಿಸುತ್ತದೆ. ಮೈಲೇಜು ಹೈವೇಯಲ್ಲಿ ಹನ್ನೊಂದು-ಹನ್ನೆರಡು, ಊರೊಳಗೆ ಏಳೆಂಟು. ಟ್ಯಾಂಕು 71 ಲೀಟರ್.

ಲೇನ್ ಹಿಡಿದು ಹೋಗುವ ಪೈಲಟ್ ಅಸಿಸ್ಟ್ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಿಳಿಗೆರೆ ಕಾಣುವಷ್ಟು ದೂರ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರು ದಿಕ್ಕಿನಿಂದ ಬರುವ ಬೈಕಿಗೆ ಮಾತ್ರ ನಿಮ್ಮ ಕಣ್ಣೇ ಗತಿ. ದೊಡ್ಡ ಪ್ರಾಣಿ ಕಂಡರೆ ಬ್ರೇಕ್ ಹಾಕುವ ವ್ಯವಸ್ಥೆಯೂ ಇದೆ, ಅದು ವೋಲ್ವೊದ ತವರು ಸ್ವೀಡನ್ನಿನ ಮೂಸ್ ಎಂಬ ದೊಡ್ಡ ಜಿಂಕೆ ನೋಡಿ ಕಲಿತದ್ದು. ನಮ್ಮ ಎಮ್ಮೆಯ ಬಗ್ಗೆ ಅದರ ಭರವಸೆಯಲ್ಲಿ ಕೂರಬೇಡಿ. ಈ ಕ್ಯಾಮೆರಾ ಮುಂದಿನ ಗಾಜಿನ ಹಿಂದೆಯೇ ಇರುವುದರಿಂದ ಜಲ್ಲಿ ಟಿಪ್ಪರಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಗಾಜು ಬದಲಾಯಿಸಿದರೆ ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು, ಇನ್ಶೂರೆನ್ಸಿನಲ್ಲಿ ಅದು ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಎಸಿ ಕೂಡ ಪರದೆಯಲ್ಲೇ; ಗುಂಡಿ ರಸ್ತೆಯಲ್ಲಿ ಬೆರಳು ಎಲ್ಲೆಲ್ಲೋ ಬೀಳುತ್ತದೆ. ಎರಡು ಬಟನ್ ಕೊಟ್ಟಿದ್ದರೆ ಏನು ಹೋಗುತ್ತಿತ್ತು?

2025ರ ಮಾರ್ಚಿನಲ್ಲಿ ಹೊಸ ರೂಪದ ಗಾಡಿ ಬಂದಾಗ ಅದರ ಶೋರೂಂ ಬೆಲೆ ಕೋಟಿ ದಾಟಿತ್ತು. ಹೊಸದರ ಬೆಲೆ ನೋಡಿ ಹಲವರು ಸೆಕೆಂಡ್ ಹ್ಯಾಂಡ್ ಕಡೆ ನೋಡುತ್ತಾರೆ. ಹಾಗೆ ನೋಡುವವರು ಗಾಡಿಯನ್ನು ಮಾರುವವರ ಜಾಗದಲ್ಲೇ ಒಂದು ರಾತ್ರಿ ನಿಲ್ಲಿಸಲು ಹೇಳಿ ಬೆಳಿಗ್ಗೆ ಟೇಪ್ ಹಿಡಿದು ಹೋಗಿ. ನಾಲ್ಕೂ ಟಯರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. 2322 ಎಂದಿದ್ದರೆ 2022ರ 23ನೇ ವಾರದ್ದು. ನಾಲ್ಕಕ್ಕೂ ಬೇರೆಬೇರೆ ತಾರೀಕು, ಬೇರೆಬೇರೆ ಕಂಪನಿ ಇದ್ದರೆ ಗುಂಡಿಗಳ ಲೆಕ್ಕ ಅಲ್ಲೇ ಸಿಕ್ಕಿತು. ಆಮೇಲೆ ಎಂಜಿನ್ ಆನ್ ಮಾಡಿ, ಆಫ್-ರೋಡಿಗೆ ಹಾಕಿ, ನಾಲ್ಕೂ ಮೂಲೆ ಸಮವಾಗಿ ಏಳುತ್ತವೆಯೇ ನೋಡಿ. ಒಂದು ಮೂಲೆ ತಡ ಮಾಡಿದರೆ ಬೆಲೆಯ ಮಾತು ಅಲ್ಲಿಂದ ಶುರುಮಾಡಿ.