ಗರಿ ದ್ವೀಪಕ್ಕೆ ಹೊರಟಿದ್ದೀರಾ? ಉಬ್ಬರದ ಹೊತ್ತು ನೋಡಿಕೊಂಡು ಹೋಗಿ

ಆಸ್ಟ್ರೇಲಿಯಾದ ಫ್ರೇಸರ್ ದ್ವೀಪಕ್ಕೆ 2023ರಲ್ಲಿ ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರ ಹಳೆಯ ಹೆಸರಾದ ‘ಗರಿ’ಯೇ ಅಧಿಕೃತವಾಗಿ ಮರಳಿತು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು ‘ಕೆ’ ಇರುತ್ತದೆ, ಉಚ್ಚಾರದಲ್ಲಿ ಇಲ್ಲ. ನವಿಲುಗರಿಯ ‘ಗರಿ’ ಅಂದರೆ ಸಾಕು. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಇದು. ಪೂರ್ವ ದಂಡೆಯ ಸೆವೆಂಟಿ ಫೈವ್ ಮೈಲ್ ಬೀಚೇ ಇಲ್ಲಿನ ಹೆದ್ದಾರಿ, ವೇಗಮಿತಿ 80 ಕಿ.ಮೀ. ಬ್ರಿಸ್ಬೇನ್ ಕಡೆಯ ನಮ್ಮವರು ರಜೆಗೆ ಇಲ್ಲಿಗೆ ಹೊರಡುವ ಮುಂಚೆ ದಯವಿಟ್ಟು ಇದನ್ನು ಓದಿ.

ಗಾಡಿ ಕಳೆದುಕೊಳ್ಳುವ ಬಗೆ ಹೆಚ್ಚುಕಡಿಮೆ ಒಂದೇ. ಬಾಡಿಗೆಗೆ ಒಂದು ಎಸ್‌ಯುವಿ ತರುತ್ತಾರೆ. ಅದು ಆಲ್ ವೀಲ್ ಡ್ರೈವ್, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಇಲ್ಲ, ಹೊಟ್ಟೆ ನೆಲಕ್ಕೆ ಹತ್ತಿರ. ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಮರಳ ಮೇಲೆ ಓಡಿಸಬಾರದು ಎಂದು ಬರೆದಿರುತ್ತದೆ, ಯಾರೂ ಓದಿರುವುದಿಲ್ಲ. ಟೈರಿನಲ್ಲಿ ಊರಿನ ರಸ್ತೆಯ 36 ಪಿಎಸ್‌ಐ ಗಾಳಿ ಹಾಗೇ ಇರುತ್ತದೆ. ಇನ್‌ಸ್ಕಿಪ್ ಪಾಯಿಂಟಿನಲ್ಲಿ, ದ್ವೀಪಕ್ಕೆ ಗಾಡಿ ದಾಟಿಸುವ ಬಾರ್ಜ್ ಹತ್ತುವ ಮೊದಲೇ, ಆ ಹಿಟ್ಟಿನಂಥ ಮರಳಿನಲ್ಲಿ ಕೆಲವರ ಪ್ರವಾಸ ಮುಗಿಯುತ್ತದೆ. ದಾಟಿದವರು ಊಟ, ಫೋಟೊ ಅಂತ ತಡಮಾಡಿ ಉಬ್ಬರದ ಹೊತ್ತಿಗೆ ದಂಡೆಗಿಳಿಯುತ್ತಾರೆ. ಗಟ್ಟಿ ಮರಳು ನೀರಿನಡಿ ಹೋಗಿರುತ್ತದೆ, ಉಳಿದಿರುವುದು ಮೇಲಿನ ಸಡಿಲ ಮರಳು. ಚಕ್ರ ಹೂತಾಗ ಗಾಬರಿಯಿಂದ ಆಕ್ಸಿಲರೇಟರ್ ಒತ್ತುತ್ತಾರೆ. ಒತ್ತಿದಷ್ಟೂ ಗಾಡಿ ಹೊಟ್ಟೆಯೂರಿ ಕೂರುತ್ತದೆ. ಆಮೇಲೆ ಅಲೆ ಬರುತ್ತದೆ. ಹಿಂದೆ ಸರಿಯುವಾಗ ಅದು ಚಕ್ರದ ಬುಡದ ಮರಳನ್ನು ಎಳೆದುಕೊಂಡೇ ಹೋಗುತ್ತದೆ. ಏಳೆಂಟು ಅಲೆ ಬಂದುಹೋಗುವಷ್ಟರಲ್ಲಿ ಗಾಡಿ ಸಮುದ್ರದ ಕಡೆ ವಾಲಿರುತ್ತದೆ. ಕರಾರು ಮುರಿದಿರುವುದರಿಂದ ವಿಮೆ ಸಿಗುವುದಿಲ್ಲ, ಇಡೀ ಗಾಡಿಯ ಬೆಲೆ ನಿಮ್ಮ ತಲೆಗೆ.

ಹಾಗಾಗಿ ಮರಳಿಗೆ ಒಪ್ಪಿಗೆಯಿರುವ, ಲೋ ರೇಂಜ್ ಇರುವ ಫೋರ್ ವೀಲ್ ಡ್ರೈವನ್ನೇ ತೆಗೆದುಕೊಳ್ಳಿ. ವಾಹನದ ಪರ್ಮಿಟ್ ಮೊದಲೇ ಮಾಡಿಸಿ. ಮರಳು ಶುರುವಾಗುವ ಮುನ್ನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ: ಟೈರು ಚಪ್ಪಟೆಯಾಗಿ, ಹೆಚ್ಚಾಗಿ ಉದ್ದಕ್ಕೆ ಹರಡಿಕೊಂಡು ಮರಳ ಮೇಲೆ ತೇಲುತ್ತದೆ. ಸಿಕ್ಕಿಬಿದ್ದರೆ 15ರವರೆಗೆ ಇಳಿಸಬಹುದು. ಆಗ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು. ಉಬ್ಬರದ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ದಂಡೆಗೆ ಇಳಿಯಲೇಬೇಡಿ. ನಿಲ್ಲಿಸುವಾಗ ಬ್ರೇಕ್ ತುಳಿಯದೆ ಗಾಡಿ ತಾನಾಗಿ ನಿಲ್ಲಲಿ, ಇಲ್ಲವಾದರೆ ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ.

ಹೂತಾಗ ಎಂಜಿನ್ ರೊಯ್ಯೆನ್ನಿಸಬೇಡಿ. ಇಳಿದು ನಾಲ್ಕೂ ಚಕ್ರದ ಹಿಂದಿನ, ಹೊಟ್ಟೆಯಡಿಯ ಮರಳನ್ನು ಸಲಿಕೆಯಿಂದ ತೆಗೆದು, ಚಕ್ರಕ್ಕೆ ಹಿಡಿತ ಕೊಡುವ ರಿಕವರಿ ಬೋರ್ಡ್ ಇಟ್ಟು, ಬಂದ ಜಾಡಿನಲ್ಲೇ ಮೆಲ್ಲಗೆ ಹಿಂದಕ್ಕೆ ತೆಗೆಯಿರಿ. ಬೇರೆ ಗಾಡಿ ಎಳೆಯುವುದಾದರೆ ಹಗ್ಗವನ್ನು ಟೋ ಬಾಲ್‌ಗೆ, ಅಂದರೆ ಟ್ರೇಲರ್ ಸಿಕ್ಕಿಸುವ ಹಿಂದಿನ ಗುಂಡಿಗೆ, ಕಟ್ಟಲೇಬೇಡಿ. ಆ ಕಬ್ಬಿಣದ ಗುಂಡು ಮುರಿದರೆ ಗುಂಡಿನಂತೆಯೇ ಹಾರುತ್ತದೆ, ಜೀವ ತೆಗೆಯುತ್ತದೆ.

ಇನ್ನೊಂದು ಅಪಾಯ ಕಣ್ಣಿಗೇ ಬೀಳುವುದಿಲ್ಲ. ತೊರೆಗಳು ಸಮುದ್ರ ಸೇರುವಲ್ಲಿ ದಂಡೆಯನ್ನು ಕಡಿದು ಮೆಟ್ಟಿಲಿನಂಥ ಕೊರಕಲು ಮಾಡಿರುತ್ತವೆ. ದೂರದಿಂದ ಎಲ್ಲ ಸಪಾಟಾಗಿಯೇ ಕಾಣುತ್ತದೆ. ನೆತ್ತಿ ಬಿಸಿಲಿನಲ್ಲಿ ನೆರಳೂ ಬೀಳದು. 80ರಲ್ಲಿ ಬಂದು ಅದಕ್ಕೆ ಬಡಿದರೆ ಗಾಡಿ ಪಲ್ಟಿ.

ಇಲ್ಲಿನ ಕಾಡುನಾಯಿ ಡಿಂಗೊ ನೋಡಲು ನಮ್ಮ ಬೀದಿನಾಯಿಯ ಹಾಗೇ ಇರುವುದರಿಂದ ಬಿಸ್ಕತ್ತು ಎಸೆಯಲು ಕೈ ಹೋಗುತ್ತದೆ. ಅದು ಕಾಡುಪ್ರಾಣಿ. 2001ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಇಲ್ಲಿ ಅದರ ದಾಳಿಗೆ ಪ್ರಾಣ ಬಿಟ್ಟ. ಮಕ್ಕಳು ಕೈಗೆಟಕುವಷ್ಟು ಹತ್ತಿರವೇ ಇರಲಿ, ಟೆಂಟಿನಲ್ಲಿದ್ದರೂ. ಚಿತ್ರಾನ್ನದ ಡಬ್ಬಿಯಷ್ಟೇ ಅಲ್ಲ, ಟೂತ್‌ಪೇಸ್ಟ್, ಸೋಪನ್ನೂ ಗಾಡಿಯೊಳಗೆ ಬೀಗ ಹಾಕಿಡಿ. ಎದುರಾದರೆ ಓಡಬೇಡಿ. ಮುಖ ಅದರತ್ತಲೇ ಇಟ್ಟು, ಕೈಕಟ್ಟಿ ನೆಟ್ಟಗೆ ನಿಂತು, ನಿಧಾನವಾಗಿ ಹಿಂದೆ ಸರಿಯಿರಿ. ನಡೆದಾಡುವಾಗ ಕೈಯಲ್ಲೊಂದು ಕೋಲಿರಲಿ.

ಸಮುದ್ರದ ಸ್ನಾನದ ಆಸೆ ಬಿಡಿ: ಸೆಳೆತವಿದೆ, ಶಾರ್ಕ್‌ಗಳಿವೆ, ಲೈಫ್‌ಗಾರ್ಡ್ ಇಲ್ಲ. ದ್ವೀಪದ ತೊರೆ ಈಲೈ ಕ್ರೀಕಿನ ತಣ್ಣನೆಯ ಸಿಹಿನೀರು ಮಕ್ಕಳಿಗೆ ಅದಕ್ಕಿಂತ ಸಾವಿರ ಪಾಲು ಚೆಂದ.

ವಾಪಸು ಬಂದ ಕೂಡಲೇ ಟೈರಿಗೆ ಮತ್ತೆ ಗಾಳಿ ತುಂಬಿಸಿ. 18 ಪಿಎಸ್‌ಐನಲ್ಲೇ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಟೈರು ಕಾದು ಸಿಡಿಯುತ್ತದೆ. ಗಾಡಿಯ ತಳಕ್ಕೆ ಅಂಟಿದ ಉಪ್ಪನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಸಿ.