ಡಿಜಿಟಲ್ ಮೀಡಿಯಾ ವಸತಿ ಶಿಬಿರ: ದಾವಣಗೆರೆ, ಚಿತ್ರದುರ್ಗದ ಪೋಷಕರ ಗಮನಕ್ಕೆ

ಪರೀಕ್ಷೆ ಮುಗಿಯುತ್ತಿದ್ದ ಹಾಗೆ ವಾಟ್ಸಾಪ್‌ನಲ್ಲಿ ಪಾಂಪ್ಲೆಟ್‌ಗಳು ಬರಲು ಶುರುವಾಗುತ್ತವೆ. ಹೈಸ್ಕೂಲ್ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ವಸತಿ ಸಹಿತ ಡಿಜಿಟಲ್ ಮೀಡಿಯಾ ತರಬೇತಿ. ಕ್ಯಾಮೆರಾ, ಎಡಿಟಿಂಗ್, ಆ್ಯನಿಮೇಷನ್, ಡ್ರೋನ್, ಕೊನೆಗೊಂದು ಸರ್ಟಿಫಿಕೇಟ್. ಹೋದ ಬೇಸಿಗೆಯಲ್ಲಿ ಚಿತ್ರದುರ್ಗದ ಹೊರಗಡೆ ನಡೆದ ಇಂಥದೊಂದು ಶಿಬಿರಕ್ಕೆ ನನ್ನ ಮಗಳು ಹೋಗಿದ್ದಳು. ದೂರು ಇನ್ನೂ ನಡೆಯುತ್ತಿರುವುದರಿಂದ ಹೆಸರು ಬರೆಯುವುದಿಲ್ಲ. ಆದರೆ ಅಲ್ಲಿ ನಡೆದದ್ದು ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಗೊತ್ತಾಗಲೇಬೇಕು.

ಮಗಳು ಆಗಷ್ಟೇ ಒಂಬತ್ತನೇ ಕ್ಲಾಸ್ ಮುಗಿಸಿದ್ದಳು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮೇಲೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಬೇಕು ಅನ್ನುವುದು ಅವಳ ಆಸೆ. ಕಾದ ಮರಳಲ್ಲಿ ಅಕ್ಕಿ ಅರಳುವುದು, ಹೊಗೆ, ಆ ಕಾವಿನ ಮುಂದೆ ನಿಂತು ಕೆಲಸ ಮಾಡುವವರು. ನೋಟ್‌ಬುಕ್ಕಿನಲ್ಲಿ ಒಂದೊಂದು ಶಾಟ್‌ಗೂ ಚಿತ್ರ ಬಿಡಿಸಿಕೊಂಡಿದ್ದಳು. ಪ್ರತಿ ಮಗುವಿಗೂ ಸ್ವಂತ ಪ್ರಾಜೆಕ್ಟ್ ಅಂತ ಪಾಂಪ್ಲೆಟ್‌ನಲ್ಲಿ ದಪ್ಪಕ್ಷರದಲ್ಲಿತ್ತು. ಊಟ ವಸತಿ ಸೇರಿ 18 ಸಾವಿರ ಕಟ್ಟಿದೆವು.

ಸೇರಿಸುವ ಮುಂಚೆ ಹೋಗಿ ನೋಡಿದಾಗ ಒಳ್ಳೆ ಎಸಿ ಲ್ಯಾಬ್ ತೋರಿಸಿದ್ದರು. ಅದು ಪಕ್ಕದ ಕಾಲೇಜಿನದು ಅಂತ ಆಮೇಲೆ ಗೊತ್ತಾಯಿತು. ಮಕ್ಕಳಿಗೆ ಸಿಕ್ಕಿದ್ದು ತಗಡಿನ ಶೀಟಿನ ಹಾಲ್, ನಾಲ್ಕು ಮಕ್ಕಳಿಗೊಂದು ಕಂಪ್ಯೂಟರ್. ದುರ್ಗದ ಏಪ್ರಿಲ್ ಬಿಸಿಲಲ್ಲಿ ಆ ಶೀಟಿನ ಕೆಳಗೆ ಕೂರುವುದು ಹೇಗಿರುತ್ತೆ, ನೀವೇ ಯೋಚಿಸಿ. ಸಾಫ್ಟ್‌ವೇರ್ ಕೂಡ ಟ್ರಯಲ್ ಆವೃತ್ತಿ. ಮಗಳು ಎಡಿಟ್ ಮಾಡಿದ ವಿಡಿಯೋದಲ್ಲಿ ಮೊದಲಿಂದ ಕೊನೆಯವರೆಗೂ ಆ ಕಂಪನಿಯ ಹೆಸರು ಮುಖದ ಮೇಲೇ ಅಡ್ಡ ನಿಂತಿದೆ. ವಿಡಿಯೋ ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ. ಆ್ಯನಿಮೇಷನ್‌ಗೆ ಬ್ಲೆಂಡರ್, ಧ್ವನಿಗೆ ಆಡಾಸಿಟಿ ಪೂರ್ತಿ ಉಚಿತ. ಕಲಿಸುವ ಮನಸ್ಸಿದ್ದಿದ್ದರೆ ಇಷ್ಟರಲ್ಲೇ ಎಷ್ಟೋ ಕಲಿಸಬಹುದಿತ್ತು.

ಕೋಟೆಯಲ್ಲಿ ಶೂಟಿಂಗ್ ಅಂತ ಕರೆದುಕೊಂಡು ಹೋದರು. ಕೋಟೆ ಇರುವುದು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿ. ಟ್ರೈಪಾಡ್ ಇಡಬೇಕೆಂದರೆ ಮೊದಲೇ ಅನುಮತಿ ಬೇಕು. ಇವರು ತೆಗೆದುಕೊಂಡಿರಲಿಲ್ಲ. ಕಾವಲಿನವರು ತಡೆದರು, ಮಕ್ಕಳು ಟ್ರೈಪಾಡ್ ಮಡಚಿಕೊಂಡು ಸುಮ್ನೆ ಸುತ್ತಾಡಿ ಬಂದರು. ಅವರು ಹೇಳಿದ್ದ ಡ್ರೋನ್ ಪೈಲಟ್ ಸರ್ಟಿಫಿಕೇಟ್ ಅನ್ನುವುದಂತೂ ಶುದ್ಧ ಸುಳ್ಳು. 2021ರ ಡ್ರೋನ್ ನಿಯಮಗಳ ಪ್ರಕಾರ 18 ತುಂಬದವರಿಗೆ ಪೈಲಟ್ ಸರ್ಟಿಫಿಕೇಟ್ ಕೊಡುವ ಹಾಗೇ ಇಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂದುಕೊಂಡು ಸುಮ್ಮನಾಗುತ್ತಿದ್ದೆವೇನೋ.

ಒಂದು ದಿನ ಆಫೀಸಿನಲ್ಲಿ ಸ್ನೇಹಿತರೊಬ್ಬರು, "ಇದು ನಿಮ್ಮ ಮಗಳಲ್ವಾ ಸರ್?" ಅಂತ ಮೊಬೈಲ್ ತೋರಿಸಿದರು. ಶಿಬಿರದ ಜಾಹೀರಾತು ರೀಲ್. ಮಗಳು ಅವರ ಟೀ ಶರ್ಟ್ ಹಾಕಿಕೊಂಡು, ನಾನು ಇಲ್ಲಿ ಸಿನಿಮಾ ಮಾಡುವುದು ಕಲಿತೆ ಅಂತ ಹೇಳುತ್ತಿದ್ದಾಳೆ. ಕೆಳಗೆ ಅವಳ ಪೂರ್ತಿ ಹೆಸರು, ಸ್ಕೂಲಿನ ಹೆಸರು. ಆ ರೀಲ್ ತೆಗೆದಾಗ ಶಿಬಿರ ಶುರುವಾಗಿತ್ತಷ್ಟೇ, ಅವಳಿನ್ನೂ ಕ್ಯಾಮೆರಾ ಕೈಯಲ್ಲಿ ಹಿಡಿದಿರಲಿಲ್ಲ. ರೀಲ್‌ನ ಕೆಳಗಿದ್ದ ಕಾಮೆಂಟ್‌ಗಳನ್ನು ಓದಿ ಕೈ ನಡುಗಿತು. ಹದಿನಾಲ್ಕು ವರ್ಷದ ಹುಡುಗಿಯ ಬಗ್ಗೆ ಗುರುತು ಪರಿಚಯವಿಲ್ಲದ ಗಂಡಸರು ಬರೆದಿದ್ದ ಮಾತುಗಳು ಅವು.

ಫೋನ್ ಮಾಡಿದರೆ, "ಫಾರಂನಲ್ಲಿ ಸಹಿ ಮಾಡಿದ್ದೀರಲ್ಲ ಸರ್" ಅಂದರು. ನನ್ನ ಹತ್ತಿರ ಆ ಫಾರಂನ ಝೆರಾಕ್ಸ್ ಇತ್ತು. ಫೋಟೋ, ವಿಡಿಯೋ ಅನ್ನುವ ಮಾತೇ ಅದರಲ್ಲಿಲ್ಲ. ಅವತ್ತೇ ಹೊರಟು ಹೋಗಿ ಮಗಳನ್ನು ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಒಂದೊಂದಾಗಿ ಹೇಳಿದಳು. "ಅಪ್ಪಾಜಿ, ನನ್ನ ಭಟ್ಟಿ ಸಿನಿಮಾ ಯಾವಾಗ ಅಂತ ಕೇಳಿದ್ರೆ, ಮೊದ್ಲು ಸೀರೆ ಅಂಗಡಿ ರೀಲ್ ಮುಗಿಸು ಅಂತಿದ್ರು." ದಿನವೂ ಮಕ್ಕಳನ್ನು ಊರಿನ ಅಂಗಡಿಗಳಿಗೆ ಕರೆದುಕೊಂಡು ಹೋಗಿ, ಪ್ರಾಕ್ಟಿಕಲ್ ಅಂತ ಹೇಳಿ ಅಂಗಡಿಯ ಪ್ರಚಾರದ ರೀಲ್ ಮಾಡಿಸುತ್ತಿದ್ದರು. ಆಮೇಲೆ ಒಬ್ಬ ಅಂಗಡಿಯವರನ್ನೇ ವಿಚಾರಿಸಿದೆ. ಶಿಬಿರದವರಿಗೆ ದುಡ್ಡು ಕೊಟ್ಟಿದ್ದೇವೆ ಅಂದರು. ಫೀಸು ನಮ್ಮಿಂದ, ಕೂಲಿಯಿಲ್ಲದ ದುಡಿಮೆ ನಮ್ಮ ಮಕ್ಕಳಿಂದ.

ಶಿಸ್ತು ಅಂತ ಹೇಳಿ ಮಕ್ಕಳ ಮೊಬೈಲ್ ಮೊದಲ ದಿನವೇ ತೆಗೆದಿಟ್ಟುಕೊಂಡಿದ್ದರು. ಸಂಜೆ ಮಾತಾಡುವಾಗಲೆಲ್ಲ ಪಕ್ಕದಲ್ಲೇ ಒಬ್ಬರು ನಿಂತಿರುತ್ತಿದ್ದರಂತೆ. ಎಲ್ಲಕ್ಕಿಂತ ಜಾಸ್ತಿ ಸಂಕಟವಾಗಿದ್ದು ಇನ್ನೊಂದು ಮಾತಿಗೆ. ರಾತ್ರಿ ಹೊತ್ತು ಹುಡುಗಿಯರ ಮಹಡಿಯಲ್ಲಿ ಹೆಂಗಸರು ಯಾರೂ ಇರುತ್ತಿರಲಿಲ್ಲ. ವಾರ್ಡನ್ ಮೇಡಂ ಊಟ ಮುಗಿಸಿ ಮನೆಗೆ ಹೋಗಿಬಿಡುತ್ತಿದ್ದರು.

ಹಾಗಾಗಿ ವಸತಿ ಶಿಬಿರ ಅಂದರೆ ಮೊದಲು ಕೇಳಬೇಕಾದ್ದು ಕ್ಯಾಮೆರಾ ಯಾವುದು ಅಂತಲ್ಲ. ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ ಅಂತ. ಅವರ ಜೊತೆ ನೀವೇ ಮಾತಾಡಿ. ಮಕ್ಕಳು ಕೂತು ಕಲಿಯುವ ಕೋಣೆಯನ್ನೇ ತೋರಿಸಿ ಅನ್ನಿ. ಹೋದ ವರ್ಷದ ಮಕ್ಕಳು ಮಾಡಿದ ಕೆಲಸ ಕೇಳಿ, ಸಾಧ್ಯವಾದರೆ ಅವರ ಮನೆಯವರಿಗೆ ಫೋನ್ ಮಾಡಿ. ನನ್ನ ಮಗುವಿನ ಮುಖ, ದನಿ, ಹೆಸರು ಪ್ರಚಾರಕ್ಕೆ ಬಳಸಬಾರದು ಅಂತ ಫಾರಂ ಮೇಲೆ ಕೈಯಲ್ಲೇ ಬರೆದು, ಅದರ ಪ್ರತಿ ಇಟ್ಟುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18ರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದಾದ ಮೇಲೆ ರೀಲ್ ತೆಗೆದರು. ದುಡ್ಡು ಮಾತ್ರ ಬಂದಿಲ್ಲ. ಊಟದ ಲೆಕ್ಕ ಕಳೆದು ಸ್ವಲ್ಪ ಕೊಡುತ್ತೇವೆ ಅಂದರು, ನಾವು ಒಪ್ಪಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಘಟನೆ ನಡೆದು 2 ವರ್ಷದೊಳಗೆ ದೂರು ಹಾಕಬೇಕು. ಅದೇ ಶಿಬಿರದಲ್ಲಿದ್ದ ಬೇರೆ ಮಕ್ಕಳ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ರಸೀದಿ, ಪಾಂಪ್ಲೆಟ್, ರೀಲ್‌ಗಳ ಸ್ಕ್ರೀನ್‌ಶಾಟ್ ಜೋಪಾನವಾಗಿಡಿ, ನನಗೆ ತಿಳಿಸಿ. ಮಗು ಈಗ ಯಾವುದಾದರೂ ಶಿಬಿರದಲ್ಲಿದ್ದು ನಿಮಗೆ ಅನುಮಾನ ಬಂದಿದ್ದರೆ, ಫೋನಿನಲ್ಲಿ ಕೇಳುತ್ತಾ ಕೂರಬೇಡಿ, ಹೇಳದೆ ಹೋಗಿ ನೋಡಿ. ಒಳಗೆ ಬಿಡದಿದ್ದರೆ ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಅಲ್ಲಿಂದಲೇ ಫೋನ್ ಮಾಡಿ.